ನಲ್ಲಿ ನೀರಿನ ದರ ನಿಗದಿಪಡಿಸುವ ಬಗೆ

ದಾವಣಗೆರೆಯಂಥ ನಗರಕ್ಕೆ ನೀರಿನ ದರ ಗೊತ್ತುಪಡಿಸುವವರು ನೆರೆಯೂರಿನ ದರಪಟ್ಟಿಯನ್ನು ಬದಿಗಿಟ್ಟು ಮೊದಲು ತಮ್ಮ ವಾರ್ಷಿಕ ವೆಚ್ಚವನ್ನು ಬರೆದುಕೊಳ್ಳಬೇಕು. ತುಂಗಭದ್ರಾ ನದಿಯಿಂದ ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್, ಶುದ್ಧೀಕರಣದ ಆಲಂ ಮತ್ತು ಕ್ಲೋರಿನ್, ವಾಲ್ವ್‌ಮನ್‌ಗಳ ಸಂಬಳ, ಪೈಪ್ ದುರಸ್ತಿ, ಸಾಲದ ಕಂತು, ಹಳೆಯ ಯಂತ್ರ ಬದಲಿಸಲು ಎತ್ತಿಡುವ ಹಣ, ಇವೆಲ್ಲವೂ ಅದರಲ್ಲಿರಬೇಕು. ಕೊನೆಯದನ್ನು ಮರೆಯುವವರೇ ಹೆಚ್ಚು.

ಮುಂದಿನ ಹೆಜ್ಜೆಯಲ್ಲಿ ಎಚ್ಚರ ಬೇಕು. ವೆಚ್ಚವನ್ನು ಎತ್ತಿದ ನೀರಿನಿಂದಲ್ಲ, ಬಿಲ್ ಆದ ನೀರಿನಿಂದ ಭಾಗಿಸಬೇಕು. ಉದಾಹರಣೆಗೆ, 100 ಕಿಲೋಲೀಟರ್ (ಒಂದು ಕಿಲೋಲೀಟರ್ ಎಂದರೆ 1,000 ಲೀಟರ್) ಒದಗಿಸಲು 1,400 ರೂಪಾಯಿ ತಗುಲಿದರೆ ಕಿಲೋಲೀಟರಿಗೆ 14 ರೂಪಾಯಿ ಎನಿಸುತ್ತದೆ. ಆದರೆ 30 ಕಿಲೋಲೀಟರ್ ಸೋರಿಕೆಯಲ್ಲೂ ಅನಧಿಕೃತ ಸಂಪರ್ಕಗಳಲ್ಲೂ ಹೋದರೆ ನಿಜವಾದ ವೆಚ್ಚ 20 ರೂಪಾಯಿ. ಆ ಆರು ರೂಪಾಯಿಯನ್ನು ಪ್ರಾಮಾಣಿಕವಾಗಿ ಬಿಲ್ ಕಟ್ಟುವವರ ಮೇಲೆಯೇ ಹೇರುವುದು ನ್ಯಾಯವಲ್ಲ, ಆದ್ದರಿಂದ ಸೋರಿಕೆ ತಗ್ಗಿಸುವ ಗುರಿಯನ್ನೂ ದರದ ಪ್ರಸ್ತಾವದಲ್ಲೇ ಬರೆಯುವುದು ಒಳಿತು.

ಅನಂತರ ಬಳಕೆಯ ಪ್ರಮಾಣಕ್ಕೆ ತಕ್ಕಂತೆ ದರದ ಹಂತಗಳನ್ನು ಮಾಡಬೇಕು. ತಲಾ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ಐವರ ಕುಟುಂಬಕ್ಕೆ 30 ದಿನಗಳಿಗೆ 20,250 ಲೀಟರ್ ಬೇಕಾಗುವುದರಿಂದ, ಮೊದಲ ಹಂತವನ್ನು 20 ಕಿಲೋಲೀಟರಿನ ಆಸುಪಾಸಿನಲ್ಲಿಟ್ಟು ಅಗ್ಗವಾಗಿಸಿ, ಮೇಲಿನ ಹಂತಗಳನ್ನೂ ವಾಣಿಜ್ಯ ಬಳಕೆಯನ್ನೂ ದುಬಾರಿಯಾಗಿಸಬಹುದು. ಒಂದೇ ನಲ್ಲಿಯನ್ನು ಹಲವು ಮನೆಗಳು ಹಂಚಿಕೊಳ್ಳುವ ವಠಾರಗಳಿಗೆ ಮನೆಗಳ ಸಂಖ್ಯೆಯಂತೆ ಮಿತಿಯನ್ನು ಹೆಚ್ಚಿಸದಿದ್ದರೆ ಬಡವರೇ ದುಬಾರಿ ಹಂತಕ್ಕೆ ಬೀಳುತ್ತಾರೆ. ಮೀಟರ್ ಇಲ್ಲದೆಡೆ ಈ ಕ್ರಮ ನಡೆಯದು. ಅಲ್ಲಿ ತಾತ್ಕಾಲಿಕವಾಗಿ ಮಾಸಿಕ ನಿಗದಿತ ಶುಲ್ಕವೇ ಗತಿ.

ಕೊನೆಗೆ, ಹೊಸ ನೀರಿನ ದರ ಯಾವ ದಿನದ ಮೀಟರ್ ರೀಡಿಂಗ್‌ನಿಂದ ಅನ್ವಯಿಸುತ್ತದೆ ಎಂಬುದನ್ನು ಆದೇಶದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.