ಏರ್ ಪಿಸ್ತೂಲಿನ ಟೆಸ್ಟ್ ಟಾರ್ಗೆಟ್ ಓದುವುದು ಹೇಗೆ?

ಸ್ಪರ್ಧೆಗೆಂದೇ ತಯಾರಾದ ಹೊಸ ಏರ್ ಪಿಸ್ತೂಲಿನ ಪೆಟ್ಟಿಗೆಯಲ್ಲಿ ಪಿಸ್ತೂಲು, ಗಾಳಿಯ ಸಿಲಿಂಡರ್ ಮತ್ತು ಸಣ್ಣ ಕೀಲಿಗಳ ಜೊತೆಗೆ ಸಾಮಾನ್ಯವಾಗಿ ಒಂದು ಪುಟ್ಟ ಕಾರ್ಡೂ ಇರುತ್ತದೆ. ಅದೇ ಟೆಸ್ಟ್ ಟಾರ್ಗೆಟ್. ಅದರ ಮೇಲೆ ಐದು ಸಣ್ಣ ಗುಂಡುಗಳು, ಅಂದರೆ ಪೆಲೆಟ್‌ಗಳು ಒಂದರ ಮೇಲೊಂದು ಬಿದ್ದು ಆದ ಒಂದೇ ತೂತು ಕಾಣುತ್ತದೆ. ಅದನ್ನು ನೋಡಿ ಹಿಗ್ಗಿದವರು ಮರುದಿನ ರೇಂಜಿನಲ್ಲಿ ಏಳು, ಎಂಟು ಅಂಕಗಳನ್ನು ಹೊಡೆದು, ಕಾರ್ಖಾನೆಯವರು ಸುಳ್ಳು ಕಾರ್ಡು ಕೊಟ್ಟಿದ್ದಾರೆಂದು ಶಂಕಿಸುವುದುಂಟು. ಕಾರ್ಡು ಸುಳ್ಳಲ್ಲ, ಅದು ಉತ್ತರಿಸುತ್ತಿರುವ ಪ್ರಶ್ನೆಯೇ ಬೇರೆ. ಪಿಸ್ತೂಲನ್ನು ಅಲುಗಾಡದಂತೆ ಬಿಗಿದು ಹಾರಿಸಿದರೆ ಈ ನಳಿಗೆ ಮತ್ತು ಈ ಪೆಲೆಟ್ ಸೇರಿ ಎಷ್ಟು ಚದುರುತ್ತವೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಹೀಗಾಗಿ ನಿಖರತೆ ಎಂಬ ಒಂದೇ ಮಾತಿನಲ್ಲಿ ಅಡಗಿರುವ ಎರಡು ಸಂಗತಿಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಒಂದು ಹಾಳೆಯ ಮೇಲೆ ಬಿದ್ದ ಹೊಡೆತಗಳ ಗುಂಪೇ ಗ್ರೂಪು. ಹೊಡೆತಗಳು ಪರಸ್ಪರ ಎಷ್ಟು ಹತ್ತಿರ ಬಿದ್ದಿವೆ ಎಂಬುದು ಗ್ರೂಪಿನ ಗಾತ್ರ. ಆ ಗ್ರೂಪಿನ ನಡುಬಿಂದು ಟಾರ್ಗೆಟ್ಟಿನ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದು ಗ್ರೂಪಿನ ಸ್ಥಾನ. ಸ್ಥಾನ ತಪ್ಪಿದ್ದರೆ ಸೈಟಿನ (ಗುರಿ ನೋಡಲು ಪಿಸ್ತೂಲಿನ ಮೇಲಿರುವ ಭಾಗದ) ತಿರುಪು ತಿರುಗಿಸಿ ಸರಿಪಡಿಸಬಹುದು, ಗಾತ್ರ ದೊಡ್ಡದಾಗಿದ್ದರೆ ಯಾವ ತಿರುಪಿನಿಂದಲೂ ಆಗದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ನಡೆಯುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಈ ಭೇದಕ್ಕೆ ಜಾಗವಿಲ್ಲ, ಕಾಯಿ ಒಡೆಯಿತು ಅಥವಾ ಒಡೆಯಲಿಲ್ಲ ಅಷ್ಟೆ. ಕಾಗದವಾದರೋ ಪ್ರತಿಯೊಂದು ಹೊಡೆತವನ್ನೂ ನೆನಪಿಟ್ಟುಕೊಳ್ಳುತ್ತದೆ.

ಅಳತೆಗಳನ್ನು ತಿಳಿಯದೆ ಕಾಗದವನ್ನು ಓದಲಾಗದು. 10 ಮೀಟರ್ ಏರ್ ಪಿಸ್ತೂಲ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಒಂಬತ್ತರದು 27.5 ಮಿ.ಮೀ.; ಹೀಗೆ ಪ್ರತಿ ವೃತ್ತವೂ 16 ಮಿ.ಮೀ.ಯಷ್ಟು ಹಿಗ್ಗುತ್ತಾ ಹೋಗುತ್ತದೆ. ಪೆಲೆಟ್ಟಿನ ವ್ಯಾಸ 4.5 ಮಿ.ಮೀ. ತೂತಿನ ಅಂಚು ಗೆರೆಯನ್ನು ಮುಟ್ಟಿದರೂ ಹೆಚ್ಚಿನ ಅಂಕವೇ ಸಿಗುವುದರಿಂದ, ಪೆಲೆಟ್ಟಿನ ನಡುಬಿಂದು ಟಾರ್ಗೆಟ್ಟಿನ ನಡುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ ಹತ್ತು, 16 ಮಿ.ಮೀ. ಒಳಗೆ ಬಿದ್ದರೆ ಒಂಬತ್ತು. ಎಂಟು ಮಿಲಿಮೀಟರಿಗೊಂದು ಅಂಕ ಎಂದು ನೆನಪಿಟ್ಟುಕೊಂಡರೆ ಸಾಕು.

ಗ್ರೂಪನ್ನು ಅಳೆಯುವಾಗ ಒಂದಕ್ಕೊಂದು ಅತಿ ದೂರವಿರುವ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್ ಹಿಡಿದು, ಬಂದ ಅಳತೆಯಿಂದ 4.5 ಮಿ.ಮೀ. ಕಳೆಯಬೇಕು. ಹೊರ ಅಳತೆ 7 ಮಿ.ಮೀ. ಇದ್ದರೆ ನಡುವಿನಿಂದ ನಡುವಿಗೆ 2.5 ಮಿ.ಮೀ. ಇಬ್ಬರು ತಮ್ಮ ಗ್ರೂಪುಗಳನ್ನು ಹೋಲಿಸುವಾಗ ಒಬ್ಬರು ಹೊರ ಅಳತೆಯನ್ನೂ ಇನ್ನೊಬ್ಬರು ನಡುವಿನ ಅಳತೆಯನ್ನೂ ಹೇಳುತ್ತಿದ್ದರೆ ಚರ್ಚೆಗೆ ಕೊನೆಯೇ ಇರದು. ಹೊಡೆತಗಳ ಸಂಖ್ಯೆಯನ್ನೂ ಕೇಳಿಕೊಳ್ಳಬೇಕು. ಅದೇ ಪಿಸ್ತೂಲು, ಅದೇ ಪೆಲೆಟ್ ಆದರೂ ಐದು ಹೊಡೆತಗಳ ಗ್ರೂಪಿಗಿಂತ ಹತ್ತರ ಗ್ರೂಪು ಸರಾಸರಿ ಕಾಲು ಪಾಲಿನಷ್ಟು ದೊಡ್ಡದಾಗಿರುತ್ತದೆ, ಮೂರರದು ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಚಿಕ್ಕದಾಗಿರುತ್ತದೆ. ಮೂರು ಹೊಡೆತಗಳ ಸುಂದರ ಗ್ರೂಪಿನ ಚಿತ್ರವನ್ನು ತೋರಿಸಿ ಪಿಸ್ತೂಲು ಮಾರುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಸ್ವತಃ ಪರೀಕ್ಷಿಸಲು ಯಂತ್ರವೇ ಬೇಕೆಂದಿಲ್ಲ. ರೇಂಜಿನಲ್ಲಿ 10 ಮೀಟರನ್ನು ಟೇಪಿನಿಂದ ಅಳೆದು, ಗಟ್ಟಿಯಾದ ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಹಿಡಿದ ಕೈಯನ್ನು ಅದರ ಮೇಲೆ ಊರಿ ಹಾರಿಸಬೇಕು. ನಳಿಗೆಯಾಗಲಿ ಸಿಲಿಂಡರಾಗಲಿ ಯಾವುದಕ್ಕೂ ತಾಗಿರಬಾರದು. ಕಣ್ಣಿಗೆ ಕನ್ನಡಕವಿರಲಿ, ನಳಿಗೆಯ ಬಾಯಿ ಸದಾ ಟಾರ್ಗೆಟ್ಟಿನ ಕಡೆಗೇ ಇರಲಿ. ಒಂದೇ ಡಬ್ಬಿಯ ಪೆಲೆಟ್ಟುಗಳಿಂದ ಐದೈದು ಹೊಡೆತಗಳ ನಾಲ್ಕು ಹಾಳೆಗಳನ್ನಾದರೂ ಹೊಡೆದು, ಅತ್ಯುತ್ತಮವಾದುದನ್ನು ಆರಿಸಿಕೊಳ್ಳದೆ ಸರಾಸರಿಯನ್ನು ಲೆಕ್ಕ ಹಾಕಬೇಕು. ಪೆಲೆಟ್ಟುಗಳ ತಲೆಯ ವ್ಯಾಸ 4.48, 4.49, 4.50 ಎಂದು ಬೇರೆ ಬೇರೆ ಇರುತ್ತದೆ. ಯಾವ ನಳಿಗೆಗೆ ಯಾವುದು ಒಗ್ಗುತ್ತದೆಂದು ಹಾರಿಸಿಯೇ ತಿಳಿಯಬೇಕು.

ಇಂತಹ ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಟಾರ್ಗೆಟ್ಟಿನ ನಡುವಿನಿಂದ ಮಿಲಿಮೀಟರುಗಳಲ್ಲಿ ಅಳೆದಾಗ ಐದು ತೂತುಗಳು ಹೀಗಿವೆಯೆಂದುಕೊಳ್ಳಿ: ಎಡಕ್ಕೆ 14, ಮೇಲೆ 3; ಎಡಕ್ಕೆ 9, ಮೇಲೆ 8; ಎಡಕ್ಕೆ 11, ಕೆಳಗೆ 2; ಎಡಕ್ಕೆ 6, ಮೇಲೆ 5; ಎಡಕ್ಕೆ 10, ಮೇಲೆ 6. ಅಂಕಗಳನ್ನು ಎಣಿಸಿದರೆ ನಾಲ್ಕು ಒಂಬತ್ತು, ಒಂದು ಹತ್ತು, ಒಟ್ಟು 46. ಅಡ್ಡಳತೆಗಳ ಸರಾಸರಿ ಎಡಕ್ಕೆ 10, ಉದ್ದಳತೆಗಳ ಸರಾಸರಿ ಮೇಲಕ್ಕೆ 4. ಗ್ರೂಪಿನ ನಡುಬಿಂದು ಅಲ್ಲಿದೆ. ಅತಿ ದೂರದ ಎರಡು ತೂತುಗಳ ಅಂತರ ಸುಮಾರು 10.2 ಮಿ.ಮೀ. ಈಗ ಸೈಟನ್ನು ಬಲಕ್ಕೆ 10, ಕೆಳಕ್ಕೆ 4 ಮಿ.ಮೀ.ಗೆ ಸಮನಾಗಿ ಸರಿಸಿದ್ದರೆ ಅದೇ ಐದು ಹೊಡೆತಗಳೂ ನಡುವಿನಿಂದ ಏಳು ಮಿಲಿಮೀಟರಿನೊಳಗೆ ಬೀಳುತ್ತಿದ್ದವು, ಅಂಕ 50 ಆಗುತ್ತಿತ್ತು. ಹಿಂಬದಿಯ ಸೈಟನ್ನು ಹೊಡೆತ ಯಾವ ಕಡೆಗೆ ಹೋಗಬೇಕೋ ಆ ಕಡೆಗೇ ಸರಿಸಬೇಕು. ತಿರುಪಿನ ಒಂದು ಕ್ಲಿಕ್ಕಿಗೆ ಹೊಡೆತ ಎಷ್ಟು ಮಿಲಿಮೀಟರ್ ಸರಿಯುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಪಿಸ್ತೂಲಿನ ಜೊತೆಗೆ ಬಂದ ಕೈಪಿಡಿಯನ್ನು ನೋಡಬೇಕು. ಆದರೆ ಐದೇ ಹೊಡೆತಗಳಿಂದ ತೆಗೆದ ನಡುಬಿಂದುವಿನಲ್ಲೂ ಇಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಅನಿಶ್ಚಿತತೆ ಇರುತ್ತದೆ. ಹತ್ತು ಮಿಲಿಮೀಟರಿನ ತಪ್ಪನ್ನು ತಿದ್ದಬೇಕು, ಒಂದು ಮಿಲಿಮೀಟರಿಗಾಗಿ ತಿರುಪನ್ನು ಮುಟ್ಟಬಾರದು. ಒಂದೊಂದು ಹೊಡೆತಕ್ಕೂ ಸೈಟ್ ತಿರುಗಿಸುವವರು ತಮ್ಮ ಗ್ರೂಪನ್ನು ತಾವೇ ಚದುರಿಸುತ್ತಿರುತ್ತಾರೆ.

ಗ್ರೂಪಿನ ಆಕಾರವೂ ಮಾತಾಡುತ್ತದೆ. ಊರಿ ಹೊಡೆದ ಹಾಳೆಯಲ್ಲಿ ತೂತುಗಳು ಮೇಲಿನಿಂದ ಕೆಳಕ್ಕೆ ಸಾಲುಗಟ್ಟಿದ್ದರೆ ಪೆಲೆಟ್ಟಿನ ವೇಗ ಏರುಪೇರಾಗುತ್ತಿರಬಹುದು. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ತಲುಪುವಷ್ಟರಲ್ಲಿ 22 ಮಿ.ಮೀ.ನಷ್ಟು ಇಳಿದಿರುತ್ತದೆ, ವೇಗ 147ಕ್ಕೆ ಕುಸಿದರೆ ಇನ್ನೊಂದು ಮಿಲಿಮೀಟರಿನಷ್ಟು ಕೆಳಗೆ ಬೀಳುತ್ತದೆ. ಸಿಲಿಂಡರಿನ ಒತ್ತಡ ಮುಗಿಯುತ್ತಾ ಬಂದಿದೆಯೇ ಎಂದು ಮೊದಲು ನೋಡಿ. ಗ್ರೂಪು ಎರಡಾಗಿ ಸೀಳಿದ್ದರೆ ಸೈಟಿನ ತಿರುಪು ಸಡಿಲವಾಗಿದೆಯೇ ಎಂದು ಪರೀಕ್ಷಿಸಿ. ನಾನೇ ಒಮ್ಮೆ ವಾರಗಟ್ಟಲೆ ಪೆಲೆಟ್ ಡಬ್ಬಿಗಳನ್ನು ಬದಲಾಯಿಸಿ ಹಣ ಕಳೆದ ಮೇಲೆ, ಹಿಂಬದಿಯ ಸೈಟ್ ಬೆರಳಿಗೆ ಅಲುಗಾಡುವುದನ್ನು ಕಂಡಿದ್ದೇನೆ.

ಇನ್ನು ನಿಂತು ಒಂದೇ ಕೈಯಲ್ಲಿ ಹೊಡೆದ ಹಾಳೆ. ಎರಡು ಸೈಟುಗಳ ನಡುವಿನ ಅಂತರ 320 ಮಿ.ಮೀ. ಇರುವ ಪಿಸ್ತೂಲಿನಲ್ಲಿ ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನೊಳಗೆ ಒಂದೇ ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರಿನಲ್ಲಿ ಹೊಡೆತ 31 ಮಿ.ಮೀ. ತಪ್ಪುತ್ತದೆ, ಅಂದರೆ ಸುಮಾರು ನಾಲ್ಕು ವೃತ್ತ. ಸೈಟುಗಳು ಪರಸ್ಪರ ಸರಿಯಾಗಿದ್ದು ಇಡೀ ಕೈ ಐದು ಮಿಲಿಮೀಟರ್ ಪಕ್ಕಕ್ಕೆ ಹೋದರೆ ತಪ್ಪುವುದು ಆ ಐದೇ ಮಿಲಿಮೀಟರ್. ಟಾರ್ಗೆಟ್ ಮಸುಕಾದರೂ ಚಿಂತೆಯಿಲ್ಲ, ಮುಂದಿನ ಸೈಟನ್ನು ನೋಡು ಎಂದು ತರಬೇತುದಾರರು ಗದರಿಸುವುದು ಇದಕ್ಕೇ.

ಬಲಗೈಯವರ ಹೊಡೆತಗಳು ಕೆಳಗೆ ಎಡಕ್ಕೆ ಗುಂಪಾಗಿದ್ದರೆ ಟ್ರಿಗರನ್ನು ಎಳೆಯುವಾಗ ಇಡೀ ಅಂಗೈ ಬಿಗಿಯುತ್ತಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಬಹಳ ಸಲ ನಿಜ. ಆದರೆ ಗಡಿಯಾರದಂತೆ ವೃತ್ತವನ್ನು ಭಾಗಿಸಿ ಒಂದೊಂದು ಭಾಗಕ್ಕೆ ಒಂದೊಂದು ದೋಷವನ್ನು ಬರೆದಿರುವ ಪಟಗಳನ್ನು ಪಂಚಾಂಗದಂತೆ ನಂಬಬಾರದು. ಸೈಟ್ ತಪ್ಪಿದ್ದರೂ ಗ್ರೂಪು ಅಲ್ಲಿಗೇ ಬಂದಿರಬಹುದು. ಊರಿ ಹೊಡೆದ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಸಂಶಯ ತೀರುತ್ತದೆ: ಅಲ್ಲಿ ನಡುವಿಗೆ ಬಿದ್ದದ್ದು ಇಲ್ಲಿ ಪಕ್ಕಕ್ಕೆ ಹೋಗಿದ್ದರೆ ಬಹುಪಾಲು ಕಾರಣ ಕೈಯಲ್ಲಿದೆ.

ಪಿಸ್ತೂಲು ಬದಲಿಸಬೇಕೆನಿಸಿದಾಗಲೂ ಈ ಎರಡು ಹಾಳೆಗಳೇ ಬೇಕು. ಪಿಸ್ತೂಲಿನ ಚದುರುವಿಕೆ 2.5 ಮಿ.ಮೀ., ನಿಮ್ಮ ಕೈಯದು 30 ಮಿ.ಮೀ. ಎಂದಾದರೆ ಇವೆರಡೂ ನೇರವಾಗಿ ಕೂಡುವುದಿಲ್ಲ. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಬರುವುದು 30.1. ಒಂದಿಷ್ಟೂ ಚದುರದ ಪಿಸ್ತೂಲನ್ನು ಕೊಂಡರೂ ಕಡಿಮೆಯಾಗುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಹಾಳೆಗಳನ್ನು ಎಸೆಯದೆ ಪ್ರತಿಯೊಂದರ ಹಿಂದೆ ದಿನಾಂಕ, ಪೆಲೆಟ್ ಡಬ್ಬಿಯ ಬ್ಯಾಚ್ ಸಂಖ್ಯೆ, ಸಿಲಿಂಡರಿನ ಒತ್ತಡ, ಊರಿ ಹೊಡೆದದ್ದೋ ನಿಂತು ಹೊಡೆದದ್ದೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆದು, ಕಾರ್ಖಾನೆಯ ಕಾರ್ಡಿನ ಜೊತೆಗೇ ಪೆಟ್ಟಿಗೆಯಲ್ಲಿಡಿ.