ಕಸದ ಬುಟ್ಟಿಗೊಂದು ದಬ್ಬೆ ತಟ್ಟಿ

ನಮ್ಮ ಮನೆ ಶಿವಮೊಗ್ಗದಲ್ಲಿ. ಗೇಟು ದಾಟಿದರೆ ಎಡಕ್ಕೆ ಕಾಂಪೌಂಡಿನ ಮೂಲೆ, ಎದುರಿಗೆ ತುಳಸಿ ಕಟ್ಟೆ. ಕಸದ ಬುಟ್ಟಿಗಳಿರುವುದು ಆ ಮೂಲೆಯಲ್ಲೇ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ, ಡೈಪರ್, ಪ್ಯಾಡ್ ಹಾಕಲು ಮುಚ್ಚಳವಿರುವ ಚಿಕ್ಕದೊಂದು. ಬೆಳಗ್ಗೆ ಕಸದ ಗಾಡಿ ಬರುವುದರಿಂದ ಗೇಟಿನ ಹತ್ತಿರವೇ ಇಡಬೇಕು. ಆದರೆ ಜಗುಲಿಯಲ್ಲಿ ಕೂತರೆ ಮೊದಲು ಕಣ್ಣಿಗೆ ಬೀಳುವುದು ಅವೇ. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದವರೂ ಅವನ್ನು ದಾಟಿಯೇ ಒಳಗೆ ಬರಬೇಕು. ನನಗೆ ತುಂಬ ಮುಜುಗರ ಆಗುತ್ತಿತ್ತು.

ಮೊದಲು ಮನೆಯಲ್ಲಿದ್ದ ತಗಡಿನ ಶೀಟು ಹಾಕಿ ಸುತ್ತ ಮುಚ್ಚಿಸಿ, ಒಂದು ಬಾಗಿಲೂ ಇಡಿಸಿದೆ. ಕಸ ಕಾಣುತ್ತಿರಲಿಲ್ಲ, ನಿಜ. ಆದರೆ ಏಪ್ರಿಲ್ ಬಿಸಿಲಿಗೆ ತಗಡು ಕಾದು, ಹಸಿ ಕಸ ಮಧ್ಯಾಹ್ನದೊಳಗೆ ನಾರುತ್ತಿತ್ತು. ತಗಡು ನೆಲಕ್ಕೆ ತಾಗಿದ್ದರಿಂದ ಒಳಗೆ ಗುಡಿಸಲೂ ಆಗುತ್ತಿರಲಿಲ್ಲ. ಹಿಂದೆ ಹೆಗ್ಗಣ ಬಿಲ ತೋಡಿದ್ದು ಗೊತ್ತಾಗಿದ್ದು ತಿಂಗಳಾದ ಮೇಲೆ. ಒಂದು ದಿನ ಗಾಡಿಯ ಜೊತೆ ಬರುವ ಪೌರಕಾರ್ಮಿಕ ಮಹಿಳೆ, "ಅಕ್ಕಾ, ಒಂದ್ ಕೈಯಲ್ಲಿ ಬಾಗಿಲು ಹಿಡ್ಕೊಂಡು ಇನ್ನೊಂದ್ ಕೈಯಲ್ಲಿ ಬುಟ್ಟಿ ಎಳೀಬೇಕು, ಕಷ್ಟ ಆಗತ್ತೆ" ಅಂದರು. ನನ್ನ ಕಣ್ಣಿಗೆ ಚಂದ ಕಾಣಲಿ ಅಂತ ಅವರ ಕೈಗೆ ತೊಂದರೆ ಕೊಟ್ಟಿದ್ದೆ ಅನ್ನಿಸಿ ಬೇಜಾರಾಯಿತು. ಆ ಭಾನುವಾರವೇ ತಗಡು ಕಿತ್ತೆವು.

ಆಮೇಲೆ ಜಗುಲಿಯಲ್ಲಿ ಕೂತು ನೋಡಿದೆ. ರಸ್ತೆ ಕಡೆ ಹೇಗೂ ಕಾಂಪೌಂಡ್ ಇದೆ, ಪಕ್ಕದಲ್ಲೂ ಇದೆ. ಮರೆ ಬೇಕಾಗಿದ್ದು ಮನೆಯ ಕಡೆಗೆ ಮಾತ್ರ. ಬಾಗಿಲೇ ಬೇಡ. ಮುಂದಿನ ಕಾಂಪೌಂಡಿನಿಂದ ಎರಡೂವರೆ ಅಡಿ ಬಿಟ್ಟು ಒಂದು ನೇರ ತಟ್ಟಿ ನಿಲ್ಲಿಸಿ, ಗೇಟಿನ ಕಡೆಯ ತುದಿಯನ್ನು ತೆರೆದೇ ಬಿಟ್ಟರೆ ಸಾಕು. 5 ಅಡಿ ಉದ್ದ, ಮೂರೂವರೆ ಅಡಿ ಎತ್ತರ.

ಸಾಗರದ ಹತ್ತಿರ ನನ್ನ ತವರು. ತೋಟದಲ್ಲಿ ಬಿದ್ದಿದ್ದ ಹಳೆ ಅಡಿಕೆ ಮರ ಸೀಳಿ ತಮ್ಮ ದಬ್ಬೆ ತಂದುಕೊಟ್ಟ. ಎಳೆ ಮರದ ದಬ್ಬೆ ತರಬೇಡಿ, ಬೇಗ ಲಡ್ಡಾಗುತ್ತದೆ. ದಬ್ಬೆಯ ಒಳಮೈಯಲ್ಲಿ ಮೆತ್ತನೆ ತಿರುಳು ಇರುತ್ತದಲ್ವಾ, ಅದನ್ನು ಕತ್ತಿಯಲ್ಲಿ ಪೂರ್ತಿ ಹೆರೆಯಬೇಕು. ನೀರು ಹೀರುವುದೂ ಅದೇ, ಗೆದ್ದಲು ಮೊದಲು ಹಿಡಿಯುವುದೂ ಅದನ್ನೇ. ಕಪ್ಪು ನಾರು ಕಾಣುವವರೆಗೆ ಹೆರೆದೆ. ಅಂಚಿನ ಸಿಬಿರು ಸೂಜಿ ಥರ ಚುಚ್ಚುತ್ತದೆ, ದಪ್ಪ ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಗುಜರಿ ಅಂಗಡಿಯಲ್ಲಿ ಒಂದೂವರೆ ಇಂಚಿನ ಜಿಐ ಪೈಪು ಸಿಕ್ಕಿತು. 5 ಅಡಿಯ ಮೂರು ತುಂಡು ಮಾಡಿಸಿ, ಒಂದೂವರೆ ಅಡಿ ಗುಂಡಿಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿದೆವು. ಒಂದು ವಾರ ನೀರು ಹಾಕಿದೆ. ಹೆಂಚಿನ ಕೆಲಸದಲ್ಲಿ ಉಳಿದಿದ್ದ ಎರಡು ರೀಪನ್ನು ಪೈಪಿಗೆ ಅಡ್ಡ ಬೋಲ್ಟ್ ಮಾಡಿದ್ದಾಯಿತು.

ದಬ್ಬೆ ಕೂರಿಸುವಾಗ ತಾಳ್ಮೆ ಬೇಕು. ಮೊದಲನೆಯದಕ್ಕೆ ನೇರ ಮೊಳೆ ಹೊಡೆದೆ, ಚಟ್ ಅಂತ ತುದಿಯಿಂದ ಬುಡದವರೆಗೆ ಸೀಳಿತು. ಆಮೇಲೆ ಪ್ರತಿಯೊಂದಕ್ಕೂ ಡ್ರಿಲ್‌ನಲ್ಲಿ ತೂತು ಮಾಡಿ ಸ್ಕ್ರೂ ಹಾಕಿದೆ. 2 ಇಂಚು ಅಗಲದ 22 ದಬ್ಬೆ ಹಿಡಿಯಿತು. ಎಲ್ಲವನ್ನೂ ನಿಲುವಾಗಿ ಹಾಕಿದೆ. ಅಡ್ಡ ಹಾಕಿದರೆ ಬೆಕ್ಕಿಗೆ ಏಣಿ ಇಟ್ಟ ಹಾಗೆ, ಮಳೆ ನೀರೂ ಅಂಚಿನಲ್ಲಿ ನಿಲ್ಲುತ್ತದೆ. ನಡುವೆ ಒಂದು ಬೆರಳು ಸಂದು ಬಿಟ್ಟಿದ್ದರಿಂದ ಗಾಳಿ ಆಡುತ್ತದೆ, ಜಗುಲಿಯಿಂದ ನೋಡಿದರೆ ಬುಟ್ಟಿ ಗೊತ್ತಾಗುವುದಿಲ್ಲ. ಕೆಳಗೆ ನೆಲದಿಂದ 4 ಇಂಚು ಎತ್ತರ ಬಿಟ್ಟೆ. ಹಿಡಿಕಡ್ಡಿ ಪೊರಕೆ ಸಲೀಸಾಗಿ ಒಳಗೆ ಹೋಗುತ್ತದೆ, ಹೆಗ್ಗಣಕ್ಕೆ ಅಡಗುವ ಜಾಗ ಇಲ್ಲ.

ಕೊನೆಗೆ ದಬ್ಬೆಗೆ ಎರಡು ಕೈ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ, ಹಚ್ಚಿದೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ. ಒಣಗಿದ ಮೇಲೆ ದಬ್ಬೆ ಹಳೆ ಮನೆ ಕಂಬದ ಬಣ್ಣಕ್ಕೆ ಬಂತು.

ಈಗ ಕಾರ್ಮಿಕರು ಗೇಟಿನಿಂದ ಕೈ ಹಾಕಿ ಬುಟ್ಟಿ ಎತ್ತಿಕೊಂಡು ಹೋಗುತ್ತಾರೆ. ಒಂದು ಮಳೆಗಾಲ ಕಳೆಯಿತು. ಬುಡದಲ್ಲಿ ಎರಡು ದಬ್ಬೆಗೆ ಸ್ವಲ್ಪ ಬೂಷ್ಟು ಬಂದಿದೆ, ಒರೆಸಿ ಬಿಸಿಲಿಗೆ ಬಿಟ್ಟಿದ್ದೇನೆ. ಕಾಲು ಲೀಟರ್ ಗೇರೆಣ್ಣೆ ಉಳಿದಿದೆ, ಮೇ ತಿಂಗಳಲ್ಲಿ ಇನ್ನೊಂದು ಕೈ ಹಚ್ಚುತ್ತೇನೆ.