ಎರಡು ಇನ್ವರ್ಟರ್‌ಗಳಿಗೆ ಹೊಂದಿಕೊಂಡು ಹೋಗುವುದನ್ನು ಕಲಿಸುವುದು ಹೇಗೆ

ಮೈಕ್ರೋಗ್ರಿಡ್‌ಗೆ (ತಾನೇ ನಡೆಯಬಲ್ಲ ಸಣ್ಣ ವಿದ್ಯುತ್ ಜಾಲ) ರೀಇನ್ಫೋರ್ಸ್‌ಮೆಂಟ್ ಲರ್ನಿಂಗ್ (ಮಾಡಿ ನೋಡಿ, ಸಿಕ್ಕ ಅಂಕದಿಂದ ಪ್ರೋಗ್ರಾಂ ತಾನೇ ಕಲಿಯುವ ವಿಧಾನ) ಅಳವಡಿಸಲು ಹೊರಟಾಗ ನಾನು ನೇರವಾಗಿ ಕೋಡ್ ಬರೆಯಲು ಕೂತೆ. ನೀವು ಹಾಗೆ ಮಾಡಬೇಡಿ. ಮೊದಲು ಪೆನ್ನು, ಹಾಳೆ ಹಿಡಿದು ಒಂದು ಲೆಕ್ಕ ಮಾಡಿ.

ತಲಾ 10 ಕಿಲೋವ್ಯಾಟ್‌ನ ಎರಡು ಬ್ಯಾಟರಿ ಇನ್ವರ್ಟರ್‌ಗಳಿವೆ. ದೊಡ್ಡ ಗ್ರಿಡ್‌ನ ಆಸರೆ ಇಲ್ಲ. ಲೋಡ್ ಇಲ್ಲದಾಗ 50 ಹರ್ಟ್ಜ್, ಪ್ರತಿ ಕಿಲೋವ್ಯಾಟ್‌ಗೆ 0.05 ಹರ್ಟ್ಜ್ ಇಳಿಯುವಂತೆ ಡ್ರೂಪ್ (ಹೊರೆ ಏರಿದಷ್ಟೂ ಫ್ರೀಕ್ವೆನ್ಸಿ ಇಳಿಸುವ ನಿಯಮ) ಇಟ್ಟಿದ್ದೀರಿ. 8 ಕಿಲೋವ್ಯಾಟ್ ಲೋಡ್ ಬಂತು. ಎರಡೂ ನಾಲ್ಕು ನಾಲ್ಕು ಹೊರುತ್ತವೆ, ಫ್ರೀಕ್ವೆನ್ಸಿ 49.8ಕ್ಕೆ ನಿಲ್ಲುತ್ತದೆ. ಈಗ ಒಂದೇ ಇನ್ವರ್ಟರ್ ತನ್ನ ಸೆಟ್‌ಪಾಯಿಂಟನ್ನು, ಅಂದರೆ ಲೋಡ್ ಇಲ್ಲದಾಗಿನ ಆ 50 ಅನ್ನು, 0.2 ಏರಿಸಿತು ಅನ್ನಿ. ಫ್ರೀಕ್ವೆನ್ಸಿ ಬರುವುದು 49.9ಕ್ಕೆ ಮಾತ್ರ. ಹೊರೆ ಮಾತ್ರ 6 ಮತ್ತು 2 ಆಗಿಬಿಡುತ್ತದೆ. ಎರಡೂ ಒಟ್ಟಿಗೆ ಏರಿಸಿದರೆ ಸರಿಯಾಗಿ 50, ಹೊರೆಯೂ ಸಮ. ಏಜೆಂಟ್‌ಗಳು, ಅಂದರೆ ಒಂದೊಂದು ಇನ್ವರ್ಟರನ್ನು ನಡೆಸುವ ಪ್ರೋಗ್ರಾಂಗಳು, ಕಲಿಯಬೇಕಾದದ್ದು ಇದನ್ನೇ.

ಹಾಗಾಗಿ ಡ್ರೂಪನ್ನು ಕಿತ್ತು ಹಾಕಬೇಡಿ. ತಕ್ಷಣದ ಏರಿಳಿತವನ್ನು ಅದೇ ನೋಡಿಕೊಳ್ಳಲಿ. ಏಜೆಂಟ್ ಸೆಕೆಂಡಿಗೊಮ್ಮೆ ಸೆಟ್‌ಪಾಯಿಂಟನ್ನು ಚೂರು ಸರಿಸಿದರೆ ಸಾಕು. ಅದಕ್ಕೂ ಮಿತಿ ಹಾಕಿ. ಇಲ್ಲಿ ಮೇಲಕ್ಕೆ 0.5 ಸಾಕು, ಪೂರ್ತಿ ಲೋಡಿಗೆ ಇಳಿಯುವುದೇ ಅಷ್ಟು. ತನ್ನ ಫ್ರೀಕ್ವೆನ್ಸಿ, ತನ್ನ ಹೊರೆ, ಬ್ಯಾಟರಿ ಚಾರ್ಜ್, ಪಕ್ಕದ ಇನ್ವರ್ಟರ್ ಕಳಿಸಿದ ಹೊರೆಯ ಅಂಕಿ, ಇಷ್ಟು ಮಾತ್ರ ಅದಕ್ಕೆ ಕಾಣಲಿ.

ರಿವಾರ್ಡ್, ಅಂದರೆ ಏಜೆಂಟ್‌ಗೆ ಅಂಕ ಕೊಡುವ ಸೂತ್ರ, ಬರೆಯುವಾಗ ಆತುರ ಬೇಡ. ನಾನು ಪ್ರತಿ ಏಜೆಂಟ್‌ಗೂ ತನ್ನ ಬ್ಯಾಟರಿ ತುಂಬಿದ್ದರೆ ಜಾಸ್ತಿ ಅಂಕ ಕೊಟ್ಟಿದ್ದೆ. ಅಂಕದ ಗೆರೆ ಚೆನ್ನಾಗಿ ಏರುತ್ತಿತ್ತು. ಒಂದು ಎಪಿಸೋಡನ್ನು (ತರಬೇತಿಯ ಒಂದು ಸುತ್ತು) ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ನೋಡಿದಾಗಲೇ ಗೊತ್ತಾಗಿದ್ದು: ಲೋಡ್ ಏರಿದ ಕೂಡಲೇ, ಇನ್ನೊಂದೇ ಹೊರಲಿ ಅಂತ ಎರಡೂ ಸೆಟ್‌ಪಾಯಿಂಟ್ ಇಳಿಸುತ್ತಿದ್ದವು. ಫ್ರೀಕ್ವೆನ್ಸಿ 49.6. ಆಮೇಲೆ ಇಬ್ಬರಿಗೂ ಒಂದೇ ರಿವಾರ್ಡ್ ಇಟ್ಟೆ. ಫ್ರೀಕ್ವೆನ್ಸಿ 50ರಿಂದ ಸರಿದಷ್ಟೂ ದಂಡ, ಹೊರೆಯಲ್ಲಿ ವ್ಯತ್ಯಾಸವಾದಷ್ಟೂ ದಂಡ. ಬ್ಯಾಟರಿಗೆ ದಂಡ ಶೇ. 20ಕ್ಕಿಂತ ಕೆಳಗೆ ಹೋದರೆ ಮಾತ್ರ.

ತರಬೇತಿ ಒಟ್ಟಿಗೆ, ಓಡಿಸುವುದು ಬೇರೆ ಬೇರೆ. ಒಂಟಿಯಾಗಿ ಕಲಿಸಿದರೆ ಪಕ್ಕದ್ದೂ ಅದೇ ಹೊತ್ತಿಗೆ ಬದಲಾಗುತ್ತಿರುತ್ತದೆ, ನಿನ್ನೆ ಕಲಿತದ್ದು ಇಂದು ಸುಳ್ಳಾಗುತ್ತದೆ. 2017ರಲ್ಲಿ ಬಂದ ಎಂಎಡಿಡಿಪಿಜಿ (ಹಲವು ಏಜೆಂಟ್‌ಗಳಿಗೆ ಒಟ್ಟಿಗೆ ಕಲಿಸುವ ಅಲ್ಗಾರಿದಮ್) ಇದಕ್ಕೆ ಹೊಂದುತ್ತದೆ. ಅದರ ಕ್ರಿಟಿಕ್‌ಗೆ (ನಡೆಗಳನ್ನು ತೂಗಿ ನೋಡುವ ಭಾಗ) ತರಬೇತಿಯಲ್ಲಿ ಎಲ್ಲರದ್ದೂ ಕಾಣುತ್ತದೆ, ಆ್ಯಕ್ಟರ್‌ಗೆ (ನಡೆ ಆರಿಸುವ ಭಾಗ) ತನ್ನ ಏಜೆಂಟ್‌ಗೆ ಕಾಣುವುದಷ್ಟೇ.

ಸಿಮ್ಯುಲೇಟರ್‌ನಲ್ಲಿ ಪಕ್ಕದ ಇನ್ವರ್ಟರ್ ಕಳಿಸುವ ಸಂದೇಶಗಳನ್ನು ಬೇಕಂತಲೇ ತಡ ಮಾಡಿ, ಕೆಲವನ್ನು ಕಳೆದುಬಿಡಿ. ಬಂದ ಅಂಕಿ ಎಷ್ಟು ಸೆಕೆಂಡ್ ಹಳೆಯದು ಅನ್ನುವುದನ್ನೂ ಏಜೆಂಟ್‌ಗೆ ಕೊಡಿ. ಕೊನೆಗೆ, ಎರಡೂ ಸೆಟ್‌ಪಾಯಿಂಟ್ 50.2ಕ್ಕೆ ಏರಿ ಫ್ರೀಕ್ವೆನ್ಸಿ 50ರಲ್ಲಿ ನಿಂತಿರುವಾಗ ಒಂದು ಇನ್ವರ್ಟರನ್ನು ತಟ್ಟನೆ ತೆಗೆದು ನೋಡಿ. ಉಳಿದದ್ದು 8 ಕಿಲೋವ್ಯಾಟನ್ನೂ ಹೊತ್ತು, 49.8ಕ್ಕೆ ಇಳಿದು, ಮತ್ತೆ 50ಕ್ಕೆ ಏರಬೇಕು. ಏರದಿದ್ದರೆ ಇಂಥ ಎಪಿಸೋಡ್‌ಗಳನ್ನೇ ತರಬೇತಿಗೆ ಜಾಸ್ತಿ ಸೇರಿಸಿ.